ಹಾಸಿಗೆ ಹಿಡಿದವರನ್ನು ಎಬ್ಬಿಸಿ ನಡೆಸುವ ಬಗೆ: ಗಗನಯಾತ್ರಿಗಳ ದಿನಚರಿ ನೋಡಿಕೊಂಡು

ಜರ್ಮನಿಯ ಕಲೋನ್ ನಗರದಲ್ಲಿ ಗಟ್ಟಿಮುಟ್ಟಾದ ಜನರಿಗೆ ಹಣ ಕೊಟ್ಟು ಎರಡು ತಿಂಗಳು ಮಲಗಿಸುತ್ತಾರೆ. ಮಂಚದ ತಲೆಭಾಗ ಆರು ಡಿಗ್ರಿ ಕೆಳಕ್ಕೆ ವಾಲಿರುತ್ತದೆ. ಊಟ, ಸ್ನಾನ, ಶೌಚ ಎಲ್ಲವೂ ಮಲಗಿದಲ್ಲೇ. ಒಂದು ಭುಜವಾದರೂ ಸದಾ ಹಾಸಿಗೆಗೆ ತಾಗಿರಲೇಬೇಕು. 2019ರಲ್ಲಿ ನಾಸಾ ಮತ್ತು ಯುರೋಪಿನ ಬಾಹ್ಯಾಕಾಶ ಸಂಸ್ಥೆಗಳು ಸೇರಿ ಅಲ್ಲಿ ನಡೆಸಿದ ಪ್ರಯೋಗ 60 ದಿನದ್ದು. ಅದಕ್ಕೂ ಮುಂಚೆ, 1986–87ರಲ್ಲಿ, ಮಾಸ್ಕೋದಲ್ಲಿ 370 ದಿನ ಮಲಗಿಸಿದ್ದೂ ಉಂಟು. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇದ್ದರೆ ಮನುಷ್ಯನ ಮೂಳೆ, ಮಾಂಸಖಂಡ, ರಕ್ತಕ್ಕೆ ಏನಾಗುತ್ತದೆಂದು ಭೂಮಿಯ ಮೇಲೇ ತಿಳಿಯಲು ವಿಜ್ಞಾನಿಗಳಿಗೆ ಸಿಕ್ಕ ಒಳ್ಳೆಯ ದಾರಿಗಳಲ್ಲಿ ಮಂಚವೂ ಒಂದು.

ನಾನು ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ಮನೆಗಳಿಗೇ ಹೋಗಿ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್. ಮಳೆಗಾಲ ಹಿಡಿಯಿತೆಂದರೆ ನನಗೆ ಬರುವ ಫೋನು ಹೆಚ್ಚು. ಅಂಗಳದ ಪಾಚಿಯಲ್ಲಿ ಜಾರಿ ತೊಡೆಯ ಮೇಲ್ತುದಿ ಮುರಿದುಕೊಂಡ ಅಜ್ಜಿ, ಕೊಳೆರೋಗಕ್ಕೆ ಔಷಧಿ ಹೊಡೆಯುತ್ತಾ ಅಡಿಕೆ ಮರದಿಂದ ಬಿದ್ದವರು, ಜ್ವರ ಹಿಡಿದು ವಾರಗಟ್ಟಲೆ ಮಲಗಿದವರು. ಆಪರೇಷನ್ ಚೆನ್ನಾಗಿ ಆಗಿರುತ್ತದೆ, ಹೊಲಿಗೆ ಒಣಗಿರುತ್ತದೆ, ಜ್ವರ ಬಿಟ್ಟಿರುತ್ತದೆ. ಆದರೂ ಎದ್ದು ನಿಲ್ಲಲಾಗುವುದಿಲ್ಲ. ಮನೆಯವರು ಪ್ರೀತಿಯಿಂದಲೇ ಮಲಗಿಸಿರುತ್ತಾರೆ. "ನೀವು ಏಳೋದು ಬ್ಯಾಡ ಅಪ್ಪಯ್ಯ, ಎಲ್ಲ ಇಲ್ಲೇ ತಂದು ಕೊಡ್ತೀವಿ" ಎನ್ನುವುದನ್ನು ಎಷ್ಟು ಮನೆಗಳಲ್ಲಿ ಕೇಳಿದ್ದೇನೋ. ಆ ಮನೆಗಳ ಮಕ್ಕಳಿಗೆ, ಸೊಸೆಯಂದಿರಿಗೆ, ಮೊಮ್ಮಕ್ಕಳಿಗೆ ಇದನ್ನು ಬರೆಯುತ್ತಿದ್ದೇನೆ. ಮೂಳೆಗೂ ಮಾಂಸಖಂಡಕ್ಕೂ ಭಾರವೇ ಆಹಾರ. ಭಾರ ತಪ್ಪಿಸಿದಷ್ಟು ದಿನ ಅವು ಕರಗುತ್ತವೆ.

ಮಲಗಿದ ದೇಹದಲ್ಲಿ ಏನು ನಡೆಯುತ್ತದೆ

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಅಲ್ಲಿ ಗುರುತ್ವ ಇಲ್ಲವೇ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವವಾಗಿ ಇಲ್ಲಿಯದರ ಸುಮಾರು ಒಂಬತ್ತು ಹತ್ತಾಂಶದಷ್ಟು ಅಲ್ಲೂ ಇದೆ. ಆದರೆ ನಿಲ್ದಾಣವೂ ಅದರೊಳಗಿನ ಮನುಷ್ಯರೂ ಒಟ್ಟಿಗೇ ಭೂಮಿಯ ಸುತ್ತ ಬೀಳುತ್ತಲೇ ಇರುವುದರಿಂದ ಕಾಲು ಯಾವುದನ್ನೂ ಒತ್ತುವುದಿಲ್ಲ, ಬೆನ್ನುಮೂಳೆ ತಲೆಯನ್ನು ಹೊರುವುದಿಲ್ಲ. ಮಂಚದ ಮೇಲೆ ಗುರುತ್ವ ಪೂರ್ತಿ ಇದೆ, ಆದರೆ ಭಾರ ತಲೆಯಿಂದ ಪಾದಕ್ಕೆ ಉದ್ದಕ್ಕೆ ಇಳಿಯದೆ ಮೈಯ ಅಡ್ಡಕ್ಕೆ ಹಂಚಿಹೋಗುತ್ತದೆ. ತೊಡೆ, ಮೀನಖಂಡ, ಬೆನ್ನಿನ ಪಾಲಿಗೆ ಎರಡೂ ಹೆಚ್ಚುಕಮ್ಮಿ ಒಂದೇ.

ನಮ್ಮ ಮೂಳೆಯಲ್ಲಿ ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಹಗಲು ರಾತ್ರಿ ಕೆಲಸ ಮಾಡುತ್ತಿರುತ್ತವೆ. ನಡೆದಾಗ, ನಿಂತಾಗ, ಕೊಡ ಹೊತ್ತಾಗ ಮೂಳೆ ಕೂದಲೆಳೆಯಷ್ಟು ಬಾಗುತ್ತದೆ. ಆ ಬಾಗುವಿಕೆಯೇ ಕಟ್ಟುವವರಿಗೆ ಅಪ್ಪಣೆ. ಅದು ನಿಂತರೆ ಕರಗಿಸುವ ಕೆಲಸ ಮಾತ್ರ ಮುಂದುವರಿಯುತ್ತದೆ. ಬಾಹ್ಯಾಕಾಶದಲ್ಲಿ ಸೊಂಟದಂಥ ಭಾರ ಹೊರುವ ಮೂಳೆಗಳ ಸಾಂದ್ರತೆ ತಿಂಗಳಿಗೆ ಶೇ. 1ರಿಂದ 1.5ರಷ್ಟು ಇಳಿಯುತ್ತದೆ. ಭೂಮಿಯ ಮೇಲೆ ವಯಸ್ಸಾದವರಲ್ಲಿ ಹೆಚ್ಚುಕಮ್ಮಿ ಇಷ್ಟು ಇಳಿಯಲು ಒಂದು ವರ್ಷ ಬೇಕು. ಕರಗಿದ ಕ್ಯಾಲ್ಸಿಯಂ ಮೂತ್ರದ ಮೂಲಕ ಹೋಗುವುದರಿಂದ ಗಗನಯಾತ್ರಿಗಳಿಗೆ ಕಿಡ್ನಿ ಕಲ್ಲಿನ ಭಯವೂ ಇದೆ. ಮಲಗಿದವರಿಗೆ ಆಗಾಗ ನೀರು ಕುಡಿಸಿ ಎಂದು ನಾನು ಒತ್ತಾಯಿಸುವುದಕ್ಕೆ ಇದೂ ಒಂದು ಕಾರಣ. "ಪದೇಪದೇ ಬಚ್ಚಲಿಗೆ ಕರ್ಕೊಂಡ್ ಹೋಗ್ಬೇಕಾಗುತ್ತೆ" ಎಂದು ನೀರು ಕಡಿಮೆ ಮಾಡಬೇಡಿ.

ಮಾಂಸಖಂಡ ಇನ್ನೂ ಬೇಗ ಹೋಗುತ್ತದೆ. ಆರೋಗ್ಯವಾಗಿದ್ದ ವೃದ್ಧರನ್ನು ಬರೀ 10 ದಿನ ಮಲಗಿಸಿ ಅಳೆದಾಗ ಎರಡು ಕಾಲುಗಳಿಂದ ಸುಮಾರು 1 ಕೆ.ಜಿ. ಮಾಂಸಖಂಡ ಕರಗಿತ್ತು. ಅಮೆರಿಕದ ಡಲ್ಲಾಸ್‌ನಲ್ಲಿ 1966ರಲ್ಲಿ ಇಪ್ಪತ್ತರ ಪ್ರಾಯದ ಐವರು ಹುಡುಗರನ್ನು ಮೂರು ವಾರ ಮಲಗಿಸಿದ್ದರು. ಮೂವತ್ತು ವರ್ಷ ಬಿಟ್ಟು ಅದೇ ಐವರನ್ನು ಕರೆದು ಪರೀಕ್ಷಿಸಿದರೆ, ಆ ಮೂರು ವಾರ ಅವರ ದಮ್ಮು ಕಸಿದಷ್ಟು ಮೂವತ್ತು ವರ್ಷದ ವಯಸ್ಸೂ ಕಸಿದಿರಲಿಲ್ಲ. ಇದನ್ನು ನಾನು ಪ್ರತಿ ಮನೆಯಲ್ಲೂ ಹೇಳುತ್ತೇನೆ. ಇಪ್ಪತ್ತರ ಹುಡುಗನಿಗೇ ಹಾಗಾದರೆ ಎಪ್ಪತ್ತೈದರ ಅಜ್ಜಿಗೆ ಮೂರು ವಾರ ಎಂಥ ನಷ್ಟ, ನೀವೇ ಯೋಚಿಸಿ.

ಡಿಸ್ಚಾರ್ಜ್ ದಿನವೇ ಕೇಳಿಕೊಳ್ಳಿ

ಮೂಳೆ ಮುರಿದಿದ್ದರೆ ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಒಂದು ಪ್ರಶ್ನೆಗೆ ಉತ್ತರ ಪಡೆಯದೆ ಮನೆಗೆ ಬರಬೇಡಿ: ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಪೂರ್ತಿಯೇ, ಅರ್ಧವೇ, ನೆಲಕ್ಕೆ ಪಾದ ತಾಗಿಸಬಹುದು ಅಷ್ಟೆಯೇ, ಅಥವಾ ಏನೂ ಕೂಡದೇ? ಎಂದಿನಿಂದ? ಉತ್ತರವನ್ನು ಡಿಸ್ಚಾರ್ಜ್ ಚೀಟಿಯ ಮೇಲೆ ಬರೆಸಿಕೊಳ್ಳಿ. ಮುಂದೆ ನಾನು ಹೇಳುವುದೆಲ್ಲ ಆ ಉತ್ತರದ ಮಿತಿಯೊಳಗೇ ನಡೆಯಬೇಕು. ಹೃದಯದ ತೊಂದರೆ, ಪಾರ್ಶ್ವವಾಯು, ಬೆನ್ನುಮೂಳೆಯ ಪೆಟ್ಟು ಇದ್ದವರಿಗಂತೂ ಡಾಕ್ಟರು ಹೇಳಿದ ಮೇಲೆಯೇ ಏಳಿಸುವುದು.

ಹಾಸಿಗೆಯಲ್ಲಿ ಇರುವಾಗಲೇ

ಕಾಯಬೇಡಿ. ಎಚ್ಚರವಿರುವಾಗ ಗಂಟೆಗೊಮ್ಮೆ ಎರಡೂ ಪಾದಗಳನ್ನು ಮೇಲಕ್ಕೆ ಕೆಳಕ್ಕೆ ಹತ್ತಿಪ್ಪತ್ತು ಸಲ ಆಡಿಸಲಿ. ಮೀನಖಂಡ ಹಿಂಡಿದಂತಾಗಿ ಅಲ್ಲಿ ನಿಂತ ರಕ್ತ ಮೇಲಕ್ಕೆ ಹೋಗುತ್ತದೆ. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯಿಂದ ಅದನ್ನು ಹಾಸಿಗೆಗೆ ಒತ್ತಿ ಐದು ಎಣಿಸಿ ಬಿಡಲಿ. ಡಾಕ್ಟರು ಬೇಡ ಎಂದಿಲ್ಲದಿದ್ದರೆ ಮಂಡಿ ಮಡಿಸಿ, ಪಾದ ಊರಿ, ಸೊಂಟ ಸ್ವಲ್ಪ ಎತ್ತಲಿ. ಬೆಡ್‌ಪ್ಯಾನ್ ಇಡುವಾಗಲೆಲ್ಲ ಇದನ್ನೇ ಮಾಡಿಸಿದರೆ ಬೇರೆ ವ್ಯಾಯಾಮದ ಹೊತ್ತು ಹುಡುಕಬೇಕಾಗಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಬಾಹ್ಯಾಕಾಶದಲ್ಲಿ ತೇಲುವವರಿಗೆ ಇಲ್ಲದ ಒಂದು ಕಷ್ಟ ನಮ್ಮವರಿಗಿದೆ, ಅದು ಹಾಸಿಗೆ ಹುಣ್ಣು. ಹಿಮ್ಮಡಿ ಮತ್ತು ಬೆನ್ನಿನ ಕೆಳತುದಿಯ ಚರ್ಮವನ್ನು ದಿನಾ ಬೆಳಕಿನಲ್ಲಿ ನೋಡಿ. ಕೆಂಪಾದ ಜಾಗ ಒತ್ತಡ ತೆಗೆದ ಮೇಲೂ ಕೆಂಪಾಗಿಯೇ ಉಳಿದರೆ ಆ ಮಗ್ಗುಲಲ್ಲಿ ಮಲಗಿಸಬೇಡಿ.

ಎಣ್ಣೆ ತಿಕ್ಕುವ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ನಮ್ಮ ಕಡೆ ಮೈಗೆ ಎಣ್ಣೆ ನೀವಿ ಹಂಡೆಯ ಬಿಸಿನೀರು ಹಾಕಿದರೆ ಕಾಲು ಬರುತ್ತದೆಂಬ ನಂಬಿಕೆ ಗಟ್ಟಿ. ಅದರಿಂದ ಮೈಗೆ ಹಿತ, ಮನಸ್ಸಿಗೆ ಸಮಾಧಾನ. ಆದರೆ ಮಾಂಸಖಂಡ ಬೆಳೆಯುವುದು ಅದು ತಾನೇ ದುಡಿದಾಗ ಮಾತ್ರ. ಗಗನಯಾತ್ರಿಗಳ ಅನುಭವವೂ ಅದೇ. ನಿಲ್ದಾಣದಲ್ಲಿ ಮೊದಲಿದ್ದ ವ್ಯಾಯಾಮ ಯಂತ್ರದ ಭಾರ ಸಾಲದೆ ಮೂಳೆ ಕರಗುತ್ತಲೇ ಇತ್ತು. ಆಮೇಲೆ ಸುಮಾರು 270 ಕೆ.ಜಿ.ಯವರೆಗೆ ಎದುರೊತ್ತು ಕೊಡುವ ಯಂತ್ರ ಬಂತು. ಆ ಭಾರ, ಹೊಟ್ಟೆ ತುಂಬ ಊಟ, ವಿಟಮಿನ್ ಡಿ ಮೂರೂ ಸೇರಿದಾಗ ಮೂಳೆಯ ಸಾಂದ್ರತೆ ಬಹಳ ಮಟ್ಟಿಗೆ ಉಳಿಯಿತು. ಅಲ್ಲಿನವರ ದಿನದಲ್ಲಿ ಸುಮಾರು ಎರಡು ಗಂಟೆ ವ್ಯಾಯಾಮಕ್ಕೇ ಮೀಸಲು. 2007ರಲ್ಲಿ ಸುನಿತಾ ವಿಲಿಯಮ್ಸ್ ಬಾಸ್ಟನ್ ಮ್ಯಾರಥಾನ್ ಓಡಿದ್ದು ನಿಲ್ದಾಣದ ಟ್ರೆಡ್‌ಮಿಲ್ ಮೇಲೆ, ಹೆಗಲಿಗೂ ಸೊಂಟಕ್ಕೂ ಪಟ್ಟಿ ಕಟ್ಟಿ ಮೈಯನ್ನು ಕೆಳಕ್ಕೆ ಎಳೆಸಿಕೊಂಡು.

ಒಂದು ಕಾಲಿನ ಮೀನಖಂಡ ಮಾತ್ರ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅದನ್ನು ತಿಕ್ಕಲೇಬೇಡಿ. ಒಳಗೆ ರಕ್ತ ಹೆಪ್ಪುಗಟ್ಟಿರಬಹುದು, ಆಸ್ಪತ್ರೆಗೆ ಹೋಗಿ. ಜೊತೆಗೆ ಏಕಾಏಕಿ ಉಬ್ಬಸವೋ ಎದೆನೋವೋ ಬಂದರೆ ಒಂದು ನಿಮಿಷವೂ ತಡ ಮಾಡದೆ 108ಕ್ಕೆ ಫೋನ್ ಮಾಡಿ. ಗಗನಯಾತ್ರಿಯೊಬ್ಬರ ಕುತ್ತಿಗೆಯ ರಕ್ತನಾಳದಲ್ಲೂ ಹೀಗೆ ಹೆಪ್ಪು ಕಂಡು, ಭೂಮಿಯಲ್ಲಿದ್ದ ವೈದ್ಯರ ಸಲಹೆಯಂತೆ ಅಲ್ಲೇ ಔಷಧಿ ಕೊಟ್ಟಿದ್ದರು.

ಮೊದಲ ಸಲ ಎಬ್ಬಿಸುವುದು

ಮನೆಯವರು ಹೆಚ್ಚು ಹೆದರುವುದು ಇಲ್ಲಿ. ಹೆದರಿಕೆಗೆ ಅರ್ಥವೂ ಇದೆ.

ನಾವು ನಿಂತಿರುವಾಗ ರಕ್ತ ಮತ್ತು ನೀರಿನಂಶ ಕಾಲಿನ ಕಡೆ ಹೆಚ್ಚು. ಬಾಹ್ಯಾಕಾಶಕ್ಕೆ ಹೋದ ಕೆಲವೇ ಗಂಟೆಗಳಲ್ಲಿ ಕಾಲುಗಳಿಂದ ಸುಮಾರು ಎರಡು ಲೀಟರ್ ದ್ರವ ಎದೆ ಮತ್ತು ತಲೆಯ ಕಡೆಗೆ ಸರಿಯುತ್ತದೆ. ಮುಖ ಊದುತ್ತದೆ, ಮೂಗು ಕಟ್ಟುತ್ತದೆ, ಕಾಲು ಕೊಕ್ಕರೆಯ ಕಾಲಿನಂತೆ ತೆಳ್ಳಗಾಗುತ್ತದೆ. ಎದೆಯಲ್ಲಿ ರಕ್ತ ಹೆಚ್ಚಾಗಿದೆಯೆಂದು ದೇಹ ಲೆಕ್ಕ ಹಾಕಿ ಒಟ್ಟು ರಕ್ತದ ದ್ರವವನ್ನೇ ಕಡಿಮೆ ಮಾಡಿಕೊಳ್ಳುತ್ತದೆ. ಅಲ್ಲಿರುವಷ್ಟು ದಿನ ತೊಂದರೆಯಿಲ್ಲ. ಭೂಮಿಗಿಳಿದು ಎದ್ದು ನಿಂತ ಕ್ಷಣ ರಕ್ತ ಕಾಲಿಗಿಳಿಯುತ್ತದೆ, ಮಿದುಳಿಗೆ ಸಾಲುವುದಿಲ್ಲ, ಕಣ್ಣು ಕತ್ತಲೆ ಬರುತ್ತದೆ. 1970ರಲ್ಲಿ ಸೋಯುಜ್ 9ರಲ್ಲಿ ಸುಮಾರು 18 ದಿನ ಇದ್ದು ಇಳಿದ ನಿಕೊಲಾಯೆವ್ ಮತ್ತು ಸೆವಸ್ತ್ಯಾನೊವ್ ಅವರನ್ನು ಹೊತ್ತುಕೊಂಡೇ ಹೋಗಬೇಕಾಯಿತು. ಈಗಿನವರು ಇಳಿಯುವ ಮುಂಚೆ ಉಪ್ಪು ಸೇರಿಸಿ ನೀರು ಕುಡಿಯುತ್ತಾರೆ, ಕಾಲು ಹೊಟ್ಟೆಯನ್ನು ಬಿಗಿಯುವ ಉಡುಪು ತೊಡುತ್ತಾರೆ. ಮಂಚದಲ್ಲಿದ್ದ ನಿಮ್ಮ ಅಮ್ಮನಿಗೂ ಆಗುವುದು ಇದೇ. "ಎದ್ರೆ ತಲೆ ತಿರುಗುತ್ತೆ, ನಂಗಿನ್ನೂ ಶಕ್ತಿ ಬಂದಿಲ್ಲ" ಎಂದು ಅವರು ಮತ್ತೆ ಮಲಗಿದರೆ ಆ ಶಕ್ತಿ ಯಾವತ್ತೂ ಬರುವುದಿಲ್ಲ.

ಬೆಳಗಿನ ಕಾಫಿ, ತಿಂಡಿ, ನೀರು ಆಗಿ ಅರ್ಧ ಗಂಟೆಯ ಮೇಲೆ ಶುರು ಮಾಡಿ. ಮೊದಲು ತಲೆ ಬೆನ್ನಿಗೆ ದಿಂಬು ಕೊಟ್ಟು ಒರಗಿಸಿ ಹತ್ತು ನಿಮಿಷ. ಆಮೇಲೆ ಮಗ್ಗುಲಿಗೆ ತಿರುಗಿಸಿ, ಕಾಲು ಮಂಚದಿಂದ ಇಳಿಬಿಟ್ಟು, ಕೈ ಊರಿ ತಾವೇ ಏಳುವಂತೆ ಮಾಡಿ. ಕೂತಲ್ಲೇ ಐದು ನಿಮಿಷ, ಪಾದ ಆಡಿಸುತ್ತಾ. ಬಿ.ಪಿ. ಯಂತ್ರ ಮನೆಯಲ್ಲಿದ್ದರೆ ಮಲಗಿದ್ದಾಗ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಒಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಹೆಚ್ಚು ಇಳಿದರೆ ಅವತ್ತು ಕೂರಿಸುವುದಷ್ಟೇ ಸಾಕು, ಡಾಕ್ಟರಿಗೂ ತಿಳಿಸಿ. ಬಿ.ಪಿ. ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು, ನೀವಾಗಿ ನಿಲ್ಲಿಸಬೇಡಿ. ಗಗನಯಾತ್ರಿಗಳ ಉಪ್ಪುನೀರನ್ನೂ ನಕಲು ಮಾಡಬೇಡಿ, ಹೃದಯ, ಕಿಡ್ನಿ, ಬಿ.ಪಿ. ತೊಂದರೆ ಇದ್ದವರಿಗೆ ಅದು ಅಪಾಯ.

ನಿಲ್ಲಿಸುವಾಗ ಕೈ ಹಿಡಿದು ಎಳೆಯುವುದು, ಕಂಕುಳಿಗೆ ಕೈ ಹಾಕಿ ಎತ್ತುವುದು ಬೇಡವೇ ಬೇಡ. ಹಳೆಯ ಹತ್ತಿ ಪಂಚೆಯೊಂದನ್ನು ಉದ್ದಕ್ಕೆ ಮಡಿಸಿ ಸೊಂಟಕ್ಕೆ ಬಿಗಿಯಾಗಿ ಸುತ್ತಿ ಕಟ್ಟಿ. ಹಿಂದಿನಿಂದ ಆ ಪಂಚೆಯನ್ನು ಹಿಡಿದುಕೊಳ್ಳಿ. ಅವರ ಮುಂದೆ ವಾಕರ್, ಹಿಂದೆ ಮಂಚ ಅಥವಾ ಕೈಯಿರುವ ಕುರ್ಚಿ. ಮೂಗು ಕಾಲ್ಬೆರಳಿಗಿಂತ ಮುಂದೆ ಬರುವಷ್ಟು ಬಾಗಿ, ಮಂಚವನ್ನೋ ಕುರ್ಚಿಯ ಕೈಯನ್ನೋ ಒತ್ತಿ ಏಳಲಿ. ವಾಕರ್ ಹಿಡಿದು ಜಗ್ಗಿದರೆ ಅದು ಮಗುಚುತ್ತದೆ. ನಿಂತ ಮೇಲೆ ಎದುರಿನ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಇಪ್ಪತ್ತು ಎಣಿಸಲಿ. ಮುಖ ಬಿಳಚಿಕೊಂಡರೆ, ಬೆವರಿದರೆ, ಮಾತು ನಿಲ್ಲಿಸಿದರೆ ತಕ್ಷಣ ಕೂರಿಸಿ. ಮೊದಲ ದಿನಕ್ಕೆ ಇಷ್ಟಾದರೆ ನನಗೆ ಸಂತೋಷ. ಮಧ್ಯಾಹ್ನ ಮತ್ತೊಮ್ಮೆ, ಸಂಜೆ ಇನ್ನೊಮ್ಮೆ.

ಅಂಗಾಲು ಬಹಳ ಮೆತ್ತಗಾಗಿರುತ್ತದೆ. ಬಾಹ್ಯಾಕಾಶದಲ್ಲಿ ತಿಂಗಳುಗಟ್ಟಲೆ ಇದ್ದವರ ಅಂಗಾಲಿನ ದಪ್ಪ ಚರ್ಮ ಉದುರಿಹೋಗಿ, ಕಂಬಿಗೆ ಪಾದ ಸಿಕ್ಕಿಸಿ ನಿಲ್ಲುವ ಕಾರಣಕ್ಕೆ ಪಾದದ ಮೇಲ್ಭಾಗ ಒರಟಾಗುತ್ತದಂತೆ. ನಮ್ಮವರೂ "ನೆಲ ಚುಚ್ಚುತ್ತೆ" ಎಂದಾಗ ಅದನ್ನು ನಂಬಿ. ಹಿಮ್ಮಡಿಗೆ ಪಟ್ಟಿಯಿರುವ, ಜಾರದ ಚಪ್ಪಲಿ ಹಾಕಿಸಿ. ಹವಾಯಿ ಚಪ್ಪಲಿ ಕೂಡದು.

ನಡೆಯುವುದು ಮತ್ತು ಸಮತೋಲ

ಕಿವಿಯೊಳಗಿನ ಸಣ್ಣ ಹರಳುಗಳು ತಲೆ ಯಾವ ಕಡೆ ವಾಲಿದೆಯೆಂದು ಮಿದುಳಿಗೆ ಹೇಳುತ್ತವೆ. ಬಾಹ್ಯಾಕಾಶದಲ್ಲಿ ಆ ಮಾತು ಅರ್ಥ ಕಳೆದುಕೊಂಡು ಮಿದುಳು ಅದನ್ನು ಕೇಳುವುದನ್ನೇ ಬಿಡುತ್ತದೆ. 2025ರ ಜುಲೈನಲ್ಲಿ ಮರಳಿದ ಶುಭಾಂಶು ಶುಕ್ಲಾ, ಲ್ಯಾಪ್‌ಟಾಪ್ ತೇಲುತ್ತದೆಂಬ ಅಭ್ಯಾಸದಲ್ಲಿ ಕೈಬಿಟ್ಟು ಬೀಳಿಸಿದ್ದನ್ನು ತಾವೇ ಹೇಳಿದ್ದಾರೆ. ಅವರು ಅಲ್ಲಿ ಮಾಡಿದ ಪ್ರಯೋಗಗಳಲ್ಲಿ ಒಂದು ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯದು, ಭಾರವಿಲ್ಲದಲ್ಲಿ ಮಾಂಸಖಂಡ ಮತ್ತೆ ಬೆಳೆಯುವುದು ಏಕೆ ಕುಂಠಿತವಾಗುತ್ತದೆ ಎಂಬುದರ ಕುರಿತು. ಅದರ ಫಲ ಮುಂದೊಂದು ದಿನ ನಮ್ಮ ಹಳ್ಳಿಯ ಮಂಚಗಳಿಗೂ ಬರಲಿ ಎಂಬುದು ನನ್ನ ಹಾರೈಕೆ.

ಮಂಚದಿಂದ ಎದ್ದವರ ಹೆಜ್ಜೆಯಲ್ಲೂ ಅಂಥದೇ ಗಲಿಬಿಲಿ ಇರುತ್ತದೆ. ಮೊದಲು ಒಳಕೋಣೆಯಿಂದ ಜಗಲಿಯವರೆಗೆ. ನಮ್ಮ ಹಳೇ ಮನೆಗಳ ಹೊಸ್ತಿಲು ಎತ್ತರ, ಅಲ್ಲೇ ಎಡವುವುದು ಹೆಚ್ಚು. ಹೊಸ್ತಿಲ ಅಂಚಿಗೆ ಸುಣ್ಣದಲ್ಲೋ ಬಿಳಿ ಬಣ್ಣದಲ್ಲೋ ದಪ್ಪ ಗೆರೆ ಎಳೆಯಿರಿ. ನಡೆಯುತ್ತಾ ತಿರುಗುವಾಗ ಒಂದೇ ಸಲ ಸುತ್ತದೆ ಸಣ್ಣಸಣ್ಣ ಹೆಜ್ಜೆಯಲ್ಲಿ ತಿರುಗಲಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಬೆಳಕಿರಲಿ. ಕರೆಂಟು ವಾರಗಟ್ಟಲೆ ಹೋಗುವ ಕಡೆ ಚಾರ್ಜಿನ ದೀಪ ದಿಂಬಿನ ಬುಡದಲ್ಲೇ ಇರಲಿ. ಮಳೆ ಇರುವಷ್ಟು ದಿನ ಅಂಗಳ ಬೇಡ, ಅಡಿಕೆ ದಬ್ಬೆ ಹಾಸಿದ್ದರೂ ಬೇಡ, ಒದ್ದೆ ದಬ್ಬೆ ಪಾಚಿಗಿಂತ ಕೆಟ್ಟದ್ದು.

ದಿನಾ ಮಾಡಿಸಬೇಕಾದ ಒಂದೇ ವ್ಯಾಯಾಮ ಹೇಳಿ ಎಂದರೆ ನಾನು ಹೇಳುವುದು ಕುರ್ಚಿಯಿಂದ ಏಳುವುದು. ಗೋಡೆಗೆ ತಾಗಿಸಿಟ್ಟ ಗಟ್ಟಿ ಕುರ್ಚಿ, ಎದ್ದು ನಿಂತು, ನಿಧಾನ ಕೂರುವುದು. ಮೊದಲು ಕೈ ಊರಿ ಐದು ಸಲ. ಐದು ಸುಲಭವಾದರೆ ಎಂಟು, ಆಮೇಲೆ ಹತ್ತು. ಹತ್ತೂ ಸುಲಭವಾದ ಮೇಲೆ ಒಂದೇ ಕೈ ಊರಿ, ಕೊನೆಗೆ ಕೈ ಎದೆಗೆ ಕಟ್ಟಿಕೊಂಡು. ಕೂರುವಾಗ ದೊಪ್ಪನೆ ಬೀಳದೆ ಮೂರು ಎಣಿಸುತ್ತಾ ಇಳಿಯಲಿ, ತೊಡೆ ಹೆಚ್ಚು ದುಡಿಯುವುದು ಆಗಲೇ.

ಊಟ, ಬಿಸಿಲು, ಹಗಲು ರಾತ್ರಿ

ಬರೀ ಗಂಜಿ ಉಪ್ಪಿನಕಾಯಿಯಲ್ಲಿ ಮಾಂಸಖಂಡ ಕಟ್ಟಲಾಗದು. ವಯಸ್ಸಾದವರಿಗೆ ದೇಹದ ತೂಕದ ಒಂದು ಕೆ.ಜಿ.ಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, 50 ಕೆ.ಜಿ.ಯವರಿಗೆ ದಿನಕ್ಕೆ 50–60 ಗ್ರಾಂ. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಹುರುಳಿ ಸಾರಿನ ಬರೀ ತಿಳಿ ಕೊಡದೆ ಕಾಳನ್ನೂ ಅರೆದು ಹಾಕಿ. ಮೊಳಕೆ ಹೆಸರುಕಾಳು, ಹಾಲು, ಮೊಸರು, ತಿನ್ನುವ ಮನೆಯಾದರೆ ಮೊಟ್ಟೆ, ಮೀನು. ಒಂದೆಲಗದ ತಂಬುಳಿ ಬಾಯಿಗೆ ರುಚಿ ಕೊಡುತ್ತದೆ, ಜೊತೆಗೆ ಕಾಳೂ ಇರಲಿ. ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಡಾಕ್ಟರನ್ನು ಕೇಳಿ.

ನಿಲ್ದಾಣದಲ್ಲಿ ಚರ್ಮಕ್ಕೆ ನೇರ ಬಿಸಿಲು ತಾಗದು, ಹಾಗಾಗಿ ವಿಟಮಿನ್ ಡಿ ಮಾತ್ರೆ ಕೊಡುತ್ತಾರೆ. ಆಗುಂಬೆಯ ಸುತ್ತ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಕಾಣುವುದೇ ಅಪರೂಪ. ರಕ್ತ ಪರೀಕ್ಷೆ ಮಾಡಿಸಿ, ಕಡಿಮೆಯಿದ್ದರೆ ಡಾಕ್ಟರು ಬರೆದಷ್ಟೇ ಕೊಡಿ.

ಅಲ್ಲಿ 90 ನಿಮಿಷಕ್ಕೊಮ್ಮೆ ಭೂಮಿಗೆ ಒಂದು ಸುತ್ತು, ದಿನಕ್ಕೆ 16 ಸೂರ್ಯೋದಯ. ನಿದ್ದೆ ಕೆಡದಿರಲೆಂದು ಹಗಲಿಗೊಂದು ರಾತ್ರಿಗೊಂದು ಬಣ್ಣದ ಬೆಳಕು ಹಾಕಿ ದೇಹಕ್ಕೆ ಹೊತ್ತು ತಿಳಿಸುತ್ತಾರೆ. ನಮ್ಮ ಕತ್ತಲೆಯ ಒಳಕೋಣೆಯಲ್ಲಿ ಮಲಗಿದ ಹಿರಿಯರಿಗೆ ಹಗಲು ಯಾವುದು ರಾತ್ರಿ ಯಾವುದೆಂದೇ ತಪ್ಪಿಹೋಗುತ್ತದೆ. ರಾತ್ರಿಯಿಡೀ ಕೂಗುವುದು, ಸತ್ತವರನ್ನು ಕರೆಯುವುದು ಶುರುವಾದಾಗ ಮನೆಯವರು ಹೆದರಿ ಏನೇನೋ ಮಾಡಿಸುತ್ತಾರೆ. ಮೊದಲು ಡಾಕ್ಟರಿಗೆ ತೋರಿಸಿ, ಮೂತ್ರದ ಸೋಂಕು, ಸೋಡಿಯಂ ಏರುಪೇರು ಇರಬಹುದು. ಜೊತೆಗೆ ಮಂಚವನ್ನು ಕಿಟಕಿಯ ಬದಿಗೆ ತನ್ನಿ, ಕಾಣುವಂತೆ ಗಡಿಯಾರ ಹಾಕಿ, ಕನ್ನಡಕ ಹಾಕಿಸಿ, ಕಿವಿಯ ಯಂತ್ರವಿದ್ದರೆ ಸಿಕ್ಕಿಸಿ. ಹಗಲು ಕುರ್ಚಿಯಲ್ಲಿ ಎಲ್ಲರ ನಡುವೆ ಕೂರಿಸಿ. ಅಡಿಕೆ ಸುಲಿಯುವ ಕಾಲವಾದರೆ ಸುಲಿದದ್ದನ್ನು ಆರಿಸುವ ಕೆಲಸ ಕೊಡಿ. ಕೆಲಸವಿದ್ದವರು ಬೇಗ ಏಳುತ್ತಾರೆ, ಇದನ್ನು ನಾನು ಮನೆಮನೆಯಲ್ಲೂ ಕಂಡಿದ್ದೇನೆ.

ಎಷ್ಟು ದಿನ

ನಾಸಾದವರು ಮರಳಿದ ಗಗನಯಾತ್ರಿಗಳಿಗೆ 45 ದಿನ, ದಿನಕ್ಕೆ ಎರಡು ಗಂಟೆಯಂತೆ ತಾಲೀಮು ಕೊಡುತ್ತಾರೆ. ಅವರೋ ಆಯ್ದ, ಆರೋಗ್ಯವಂತ ಜನ. ಆದರೂ ದೀರ್ಘಕಾಲ ಇದ್ದು ಬಂದ 17 ಮಂದಿಯನ್ನು ಪರೀಕ್ಷಿಸಿದಾಗ ಒಂಬತ್ತು ಜನರ ಮೊಣಕಾಲ ಕೆಳಗಿನ ಮೂಳೆ ಒಂದು ವರ್ಷದ ಮೇಲೂ ಮೊದಲಿನಂತಾಗಿರಲಿಲ್ಲ. ಹಾಗಾಗಿ "ನಡೀತಾರಲ್ಲ, ಇನ್ನೇನು" ಎಂದು ಮೂರನೇ ವಾರಕ್ಕೆ ಬಿಡಬೇಡಿ. ನಡೆಯುವ ಶಕ್ತಿ ಮೊದಲು ಬರುತ್ತದೆ, ಮೂಳೆ ಬಹಳ ಹಿಂದೆ ಉಳಿದಿರುತ್ತದೆ, ಆ ನಡುವಿನ ತಿಂಗಳುಗಳಲ್ಲಿ ಬಿದ್ದರೆ ಮತ್ತೊಂದು ಕಡೆ ಮುರಿಯುತ್ತದೆ. ಪ್ರತಿ ಭಾನುವಾರ, ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆ ಎಂದು ಎಣಿಸಿ ಕ್ಯಾಲೆಂಡರಿನ ಆ ಚೌಕದಲ್ಲಿ ಬರೆಯಿರಿ. ಸಂಖ್ಯೆ ಎರಡು ವಾರ ಸತತ ಇಳಿದರೆ ಡಾಕ್ಟರಿಗೋ ಫಿಸಿಯೋಥೆರಪಿಸ್ಟಿಗೋ ತೋರಿಸಿ. ಮಳೆ ನಿಂತ ಮೇಲೆ ಗಾರೆಯವರನ್ನು ಕರೆಸಿ, ಜಗಲಿಯ ಮೆಟ್ಟಿಲಿನ ಪಕ್ಕಕ್ಕೂ ಬಚ್ಚಲ ಗೋಡೆಗೂ ಕಬ್ಬಿಣದ ಕೊಳವೆಯ ಹಿಡಿಕೆ ಹಾಕಿಸಿ. ಎತ್ತರವನ್ನು ಅಂದಾಜಿನಲ್ಲಿ ಹೇಳಬೇಡಿ, ಅಜ್ಜಿಯನ್ನೇ ಅಲ್ಲಿ ನಿಲ್ಲಿಸಿ, ಅವರ ಕೈಗೆ ಹಿತವಾಗಿ ಸಿಗುವ ಕಡೆ ಗುರುತು ಹಾಕಿಸಿ.